ಬೋರಲು ಮಲಗಿದ ಹೆಸರುಗಳು

ಬೆಳಕು ಇನ್ನೂ ಹರಿದಿಲ್ಲ. ವಾಡಿ ಊರಿನಾಚೆ, ನೀರು ನಿಂತ ಹಳೆಯ ಕಲ್ಲುಖಣಿಯ ಅಂಚಿನಲ್ಲಿ ಒಂಟಿ ಚರ್ಚು. ಕೀಲಿ ಕೈಯಲ್ಲಿದ್ದರೂ ಸಾಬಮ್ಮ ಮೊದಲು ಬಾಗಿಲು ಬಡಿಯುತ್ತಾರೆ. ಕಾಯುತ್ತಾರೆ.

“ಒಳಗ ಯಾರದಾರ, ಅಮ್ಮ?” ಎನ್ನುತ್ತೇನೆ, ಅವರ ಜೊತೆ ಬಂದ ನಾನು.

“ಮಲಗಿದವರ ಮನಿಗಿ ಒಮ್ಮೆಲೆ ನುಗ್ಗಬಾರ್ದವಾ. ಎದ್ದು ಕುಂದರಲಿ.”

ಒಳಗೆ ಬಾವಲಿ ವಾಸನೆ, ತಣ್ಣನೆಯ ಫರ್ಸಿ ಚಪ್ಪಡಿಗಳ ನೆಲ. ಕಾಲಿಟ್ಟರೆ ಹೆಜ್ಜೆಯ ಸದ್ದು ತುಸು ತಡವಾಗಿ ಹಿಂದೆ ಬರುತ್ತದೆ.

ಖಣಿ ಬೆಳೆದು ಇಲ್ಲಿನ ಗೋರಿಗಳ ನೆಲವನ್ನು ನುಂಗಿದಾಗ, ಹೆಸರು ಕೆತ್ತಿದ ಕಲ್ಲುಗಳನ್ನಷ್ಟೇ ಊರವರು ಒಳಗೆ ತಂದರು. ಅವನ್ನು ನೆಲಕ್ಕೆ ಹಾಸಿದವರು ಸಾಬಮ್ಮನ ಗಂಡ, ಫರ್ಸಿ ಕೆಲಸದ ಭಾಗಣ್ಣ. ಅವರು ಈಗಿಲ್ಲ. “ಹೆಸರ ಮ್ಯಾಲ ಯಾರೂ ಕಾಲಿಡಬಾರ್ದಂತ ಎಲ್ಲಾ ಬೋರಲ ಹಾಕಿಬಿಟ್ರು. ಮರ್ಯಾದಿಗಂತ ಮಾಡಿದ್ದು. ಯಾರ್ಯಾರು ಅದಾರಂತ ಮಂದಿ ಮರ್ತೇಬಿಟ್ರು,” ಎನ್ನುತ್ತಾರೆ ಸಾಬಮ್ಮ.

ಪ್ರಾರ್ಥನೆಗೆ ಬರುತ್ತಿದ್ದ ಮನೆಗಳು ಒಂದೊಂದಾಗಿ ಊರು ಬಿಟ್ಟಿವೆ. ಮಳೆಗಾಲ ಮುಗಿದ ಮೇಲೆ ಕಟ್ಟಡ ಇಳಿಸಿ ಫರ್ಸಿ ಮಾರುವ ಮಾತು ನಡೆದಿದೆ. ಆಮೇಲೆ ಆ ಹೆಸರುಗಳು ಯಾರದೋ ಅಂಗಳದಲ್ಲಿ, ದನದ ಕಾಲಡಿ, ಮಣ್ಣಿಗೆ ಮುಖ ಮಾಡಿ ಬಿದ್ದಿರುತ್ತವೆ. ಅಷ್ಟರೊಳಗೆ ಎಲ್ಲ ಕಲ್ಲುಗಳನ್ನೂ ಗೋಡೆಗೆ ಒರಗಿಸಿ ನಿಲ್ಲಿಸಬೇಕೆಂಬುದು ಸಾಬಮ್ಮನ ಹಟ. ಅವರು ಇಲ್ಲಿ ಕಸ ಗುಡಿಸುವ ಕೆಲಸದವರು. ಕಲ್ಲೆತ್ತಲು ಯಾರೂ ಹೇಳಿಲ್ಲ.

“ಹೆಸರು ಕಂಡ್ರ ಮಾರಲಾಕ ಯಾರಿಗಿ ಮನಸ್ಸಾಗ್ತದ? ನಮ್ಮ ಮನಿಯವ್ರು ಮಲಗಿಸ್ಯಾರ, ನಾನೇ ಎಬ್ಬಿಸಬೇಕಲ್ಲಾ.”

ಹಿಂದೆ ಅವರೊಡನೆ ಖಣಿಯಲ್ಲಿ ದುಡಿದ ಗೆಳತಿ ಚಾಂದಬೀಯೂ ಕೈಜೋಡಿಸಲು ಬಂದಿದ್ದಾರೆ. ಹಾರೆ ಹಾಕಿ ಮೀಟುತ್ತಾ, “ನಿನ್ನ ಗಂಡ ಹಾಸಿದ್ದು ಭಾಳ ಗಟ್ಟಿ ಅದ ನೋಡು. ನಿನ್ನ ಕೂಡ ಬಾಳ್ವಿ ಮಾಡಿದಂವ ಅಲ್ಲಾ!” ಎನ್ನುತ್ತಾರೆ.

“ಬಾಯಿ ಸಾಕು, ಹಾರಿ ಒತ್ತು.”

ಕಲ್ಲು ಮಗುಚುತ್ತದೆ. ಅಡಿಯ ಸುಣ್ಣದಲ್ಲೂ ಅದೇ ಹೆಸರು ತಿರುವುಮುರುವಾಗಿ ಉಬ್ಬಿ ನಿಂತಿದೆ, ಕೆಳಗಿನಿಂದ ಯಾರೋ ಒತ್ತಿದಂತೆ. ಸಾಬಮ್ಮ ಕಲ್ಲಿಗೆ ಒದ್ದೆ ಬಟ್ಟೆ ಆಡಿಸುತ್ತಾರೆ. ಅವರಿಗೆ ಓದು ಬಾರದು. ಓದುವವರು ಸಿಗುವತನಕ ಎದ್ದ ಕಲ್ಲಿಗೆ ಗೋಣಿಚೀಲ ಹೊದಿಸಿಡುತ್ತಾರೆ. ಇಂದು, ಓದಲೆಂದೇ ಅವರು ಕರೆತಂದ ನಾನಿದ್ದೇನೆ.

“ಎಸ್ತೇರಮ್ಮ,” ಎಂದು ಮೆಲ್ಲಗೆ ಓದುತ್ತೇನೆ.

“ಜೋರಲೆ ಓದವಾ. ಎಷ್ಟ ದಿನಾ ಆತೋ, ಯಾರೂ ಕರ್ದಿಲ್ಲ.”

ಕೂಗುತ್ತೇನೆ. ಹೆಸರು ಗೋಡೆಗೆ ತಾಗಿ ತಿರುಗಿ ಬರುತ್ತದೆ, ದನಿ ನನ್ನದೆನಿಸುವುದಿಲ್ಲ. ಇನ್ನೂ ಎಬ್ಬಿಸದ ಫರ್ಸಿಗಳ ಕಡೆ, ನೆಲದಡಿ, ಏನೋ ಟೊಳ್ಳಾಗಿ ಟಕ್ಕೆನ್ನುತ್ತದೆ. ಚಾಂದಬೀ ಹಾರೆ ಕೆಳಗಿಟ್ಟು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಸಾಬಮ್ಮ ಆ ಕಡೆ ತಿರುಗಿ ಹಾರೆ ಎತ್ತಿಕೊಳ್ಳುತ್ತಾರೆ.

“ತಡೀರಿ, ನಿಮ್ದೂ ಪಾಳಿ ಬರ್ತದ.”