ಟೇಬಲಕ್ಕ ಮತ್ತು ಬಿಸಿನೀರಿನ ಸೀಲುಗಳು

ಪಂಪು ತಯಾರಿಸುವ ಕಾರ್ಖಾನೆಯ ಬಿಡಿಭಾಗಗಳ ವಿಭಾಗದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಟೇಬಲಕ್ಕ ಎಂದೇ. ಹತ್ತೊಂಬತ್ತು ವರ್ಷಗಳಿಂದ ಅಲ್ಲಿನ ಡೇಟಾಬೇಸಿನ ಟೇಬಲುಗಳನ್ನೆಲ್ಲ ನೋಡಿಕೊಂಡವಳು ಅವಳು. ನೀರು ಸೋರದಂತೆ ತಡೆಯುವ ರಬ್ಬರ್ ಸೀಲುಗಳಲ್ಲಿ ಯಾವುದು ಯಾವ ಪಂಪಿನದು ಎಂಬುದು ಟೇಬಲಿನಲ್ಲಿತ್ತು. ಒಂದು ಸೀಲು ಖಾಲಿಯಾದಾಗ ಬದಲಿಗೆ ಯಾವುದನ್ನು ಹಾಕಬಹುದು ಎಂಬುದು ಅವಳ ತಲೆಯಲ್ಲಿತ್ತು.

ಈ ವರ್ಷ ಟೇಬಲುಗಳು ಬೇಡವಾದವು. ಸೆಮ್ಯಾಂಟಿಕ್ ಡೇಟಾಬೇಸು ಬಂತು. ವಸ್ತುಗಳ ನಡುವಿನ ಸಂಬಂಧಗಳನ್ನು ಬರೆದಿಟ್ಟರೆ, ಬರೆಯದಿದ್ದುದನ್ನೂ ಅದೇ ತರ್ಕಿಸಿ ಹೇಳುತ್ತದಂತೆ. ಅದರ ಮುಖ್ಯಸ್ಥೆಯಾಗಲು ಅವಳು ಅರ್ಜಿ ಹಾಕಿದಳು. ಹುದ್ದೆ ಸಿಕ್ಕಿದ್ದು ಹೊರಗಿನಿಂದ ಬಂದ ಸಲಹೆಗಾರನಿಗೆ. ಅವನಿಗೆ ಸಂಬಂಧಗಳನ್ನು ಹೇಳಿಕೊಡುವ ಕೆಲಸ ಅವಳಿಗೆ.

"ಅಡುಗೆ ನೀವು ಮಾಡಿ ಅಕ್ಕ, ಬಡಿಸೋದು ಅವ್ರು ಮಾಡ್ಲಿ," ಎಂದು ಮ್ಯಾನೇಜರು ನಕ್ಕರು.

"ಮನೇಲಿ ಬಡಿಸೋದೂ ನಾನೇ ಸರ್, ಪಾತ್ರೆ ತೊಳೆಯೋದೂ ನಾನೇ."

ಹೇಳಿಕೊಡುವಾಗಲೇ ಗಂಡನ ಫೋನು. "ಅಮ್ಮನ ಬಿಪಿ ಮಾತ್ರೆ ಎಲ್ಲೇ?"

"ಫ್ರಿಜ್ ಮೇಲೆ, ನೀಲಿ ಡಬ್ಬಿ."

"ಬೆಳಿಗ್ಗೆ ಕೊಡೋದಾ, ಸಂಜೇನಾ?"

"ಎರಡು ವರ್ಷದಿಂದ ಬೆಳಿಗ್ಗೇನೇ, ಮಹಾರಾಯ!"

ಫೋನಿಟ್ಟು ಸಲಹೆಗಾರನಿಗೆ ಹೇಳಿದಳು: "ಬಿಸಿನೀರಿನ ಪಂಪಿನ ಸೀಲನ್ನ ತಣ್ಣೀರಿನದಕ್ಕೆ ಹಾಕ್ಬಹುದು. ಉಲ್ಟಾ ಆಗಲ್ಲ." ಅದನ್ನೇ ಮೇಲ್‌ನಲ್ಲೂ ಬರೆದು ಕಳಿಸಿದಳು. ಅವನೋ 'ಬದಲಿ' ಎಂಬ ಸಂಬಂಧವನ್ನು ಎರಡೂ ದಿಕ್ಕಿಗೆ ಸಲ್ಲುವಂತೆ ಬರೆದುಬಿಟ್ಟ. ಬಿಸಿನೀರಿನ ಸೀಲು ಮುಗಿದ ದಿನ, ಡೇಟಾಬೇಸಿನ ಮಾತು ನಂಬಿ, ಒಂದು ದೊಡ್ಡ ಲಾಂಡ್ರಿಯ ಬಿಸಿನೀರಿನ ಪಂಪುಗಳಿಗೆ ತಣ್ಣೀರಿನ ನೂರಿಪ್ಪತ್ತು ಸೀಲುಗಳು ಹೋದವು. ವಾರದೊಳಗೆ ಅಷ್ಟೂ ಮೆತ್ತಗಾಗಿ ಸೋರಿದವು.

"ಮೇಡಂ ಸರಿಯಾಗಿ ಹೇಳಿರ್ಲಿಲ್ಲ," ಎಂದ ಸಲಹೆಗಾರ, ಮೀಟಿಂಗಿನಲ್ಲಿ.

ಅವಳು ಮೇಲ್ ತೆರೆದು ಲ್ಯಾಪ್‌ಟಾಪನ್ನು ಮ್ಯಾನೇಜರ ಕಡೆ ತಿರುಗಿಸಿದಳು. ಅವರು ಓದಿ ಕೆಮ್ಮಿದರು.

"ಆಯ್ತು, ಯಾರ ತಪ್ಪು ಅನ್ನೋದು ಬೇಡ. ನೀವೇ ಎಲ್ಲಾ ಸಂಬಂಧಾನೂ ಒಂದ್ಸಲ ನೋಡ್ಬಿಡಿ ಅಕ್ಕ. ಎರಡು ಸಾವಿರ ಇರ್ಬಹುದು, ಅಷ್ಟೇ."

"ಯಾವ ಹುದ್ದೇಲಿ ಕೂತು ನೋಡ್ಲಿ?"

"ಹುದ್ದೆ ಯಾಕೆ? ನೀವು ನಮ್ಮವ್ರಲ್ವಾ!"

"ನಮ್ಮವ್ಳು ಅಂತ ಹೇಳಿಸ್ಕೊಂಡೇ ತವರಲ್ಲೂ ದುಡಿದೆ, ಗಂಡನ ಮನೇಲೂ ದುಡೀತಿದೀನಿ. ಇಲ್ಲಿ ಹುದ್ದೆ ಆರ್ಡರ್ ಕೊಡಿ ಸರ್."

ನಾಲ್ಕು ದಿನ ಉಗ್ರಾಣದಿಂದ ಒಂದೂ ಬದಲಿ ಭಾಗ ಹೊರಡಲಿಲ್ಲ. ಡೇಟಾಬೇಸಿನ ಮಾತು ನಂಬಲು ಯಾರಿಗೂ ಧೈರ್ಯವಿಲ್ಲ. ಐದನೆಯ ದಿನ ಪತ್ರ ಬಂತು: 'ತಾತ್ಕಾಲಿಕ ಮುಖ್ಯಸ್ಥೆ.' ಅವಳು ಮೊದಲ ಪದವನ್ನು ಹೊಡೆದುಹಾಕಿ ಪತ್ರವನ್ನು ವಾಪಸು ಕಳಿಸಿದಳು. ಹೊಸ ಪತ್ರ ಬರುವವರೆಗೆ, ಉಗ್ರಾಣದವರು ಎಷ್ಟು ಕರೆದರೂ, ಯಾವ ಸೀಲಿನ ಬಗ್ಗೆಯೂ ಬಾಯಿ ಬಿಡಲಿಲ್ಲ.