ಒಂದೂ ಗೋಲು ನೋಡದ ನನ್ನ ತಮ್ಮ

ನನ್ನ ತಮ್ಮ ಇಪ್ಪತ್ತಾರು ವರ್ಷದಿಂದ ಒಂದೇ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿ. ಊರಿನ ಮೈದಾನದಲ್ಲಿ ಆ ಕ್ಲಬ್ಬಿನ ಆಟವಿದ್ದ ದಿನ ತಪ್ಪದೆ ಹೋಗುತ್ತಾನೆ, ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಳ್ಳುತ್ತಾನೆ. ಆದರೆ ಒಳಗೆ ಹೋಗುವುದಿಲ್ಲ. ಟಿಕೆಟ್ಟನ್ನು ಜೇಬಿಗೆ ಹಾಕಿಕೊಂಡು, ಆಟ ಮುಗಿಯುವ ತನಕ ಮೈದಾನದ ಕಾಂಪೌಂಡ್ ಗೋಡೆಯನ್ನು ಹೊರಗಿನಿಂದ ಸುತ್ತುತ್ತಾನೆ. ಇಷ್ಟು ವರ್ಷದಲ್ಲಿ ಅವನು ಕಣ್ಣಾರೆ ಕಂಡ ಗೋಲು ಒಂದೂ ಇಲ್ಲ.

ಹೇಳಿದರೆ ಜನ ನಗುತ್ತಾರೆ. ನಗಲಿ. ನಾನೂ ನಕ್ಕವಳೇ.

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಅವನು. ಚಿಕ್ಕವನಿದ್ದಾಗ ಅಮ್ಮ ತಟ್ಟೆ ಇಟ್ಟರೆ, ತಟ್ಟೆ ಎತ್ತಿಕೊಂಡು ಕಿಟಕಿಗೂ ಬಾಗಿಲಿಗೂ ಓಡಾಡುತ್ತಾ ಉಣ್ಣುತ್ತಿದ್ದ. ಅವನ ಮದುವೆಯ ಫೋಟೋಗಳಲ್ಲಿ ಎಲ್ಲರ ಮುಖವೂ ಚೆನ್ನಾಗಿ ಬಿದ್ದಿದೆ, ಮದುಮಗನದು ಮಾತ್ರ ಮಸುಕು. ಅವನ ಹೆಂಡತಿ ಇವತ್ತಿಗೂ ಆಲ್ಬಮ್ ತೆಗೆದು ನನಗೆ ತೋರಿಸುತ್ತಾಳೆ. "ನೋಡಿ ಅತ್ತಿಗೆ, ಯಾರನ್ನ ಮದುವೆ ಆದೆ ಅಂತ ನಂಗೇ ಗೊತ್ತಾಗಲ್ಲ."

ಕೆಲಸವೂ ಅಂಥದ್ದೇ ಸಿಕ್ಕಿತು. ನೀರು ಸರಬರಾಜು ಕಚೇರಿಯವರು ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಅವನನ್ನು ಇಟ್ಟುಕೊಂಡರು. ಬೆಳಗಿನ ಜಾವ, ಬಸ್ಸು ಲಾರಿ ಓಡಾಡುವ ಮುಂಚೆ, ಎದೆಯುದ್ದದ ಕಬ್ಬಿಣದ ಸಲಾಕೆ ಹಿಡಿದು ಬೀದಿ ಬೀದಿ ಸುತ್ತುತ್ತಾನೆ. ರಸ್ತೆಯಂಚಿನ ವಾಲ್ವ್ ಮೇಲೆ ಸಲಾಕೆಯ ಒಂದು ತುದಿ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚುತ್ತಾನೆ. ಸುಮ್ಮನೆ ಹರಿಯುವ ನೀರಿನ ಸದ್ದು ಬೇರೆ, ಬಿರುಕಿನಲ್ಲಿ ನುಗ್ಗುವ ನೀರಿನ ಸದ್ದು ಬೇರೆಯಂತೆ. ಅವನು ಸುಣ್ಣದಲ್ಲಿ ಗುರುತು ಹಾಕಿದ ಕಡೆ ಅಗೆದರೆ ಸೋರುವ ಪೈಪು ಸಿಕ್ಕೇ ಸಿಗುತ್ತದೆ. ಸಿಗದೆ ಹೋದದ್ದನ್ನು ನಾನು ಕೇಳಿಲ್ಲ.

ಗೋಡೆ ಸುತ್ತುವಾಗಲೂ ಹಾಗೆಯೇ. ಒಳಗಿನ ಆಟ ಅವನಿಗೆ ಸದ್ದಿನಲ್ಲೇ ತಿಳಿಯುತ್ತದೆ. ಬಾಲು ಗೋಲಿನ ಕಂಬಕ್ಕೆ ಬಡಿದರೆ ಜನ "ಹೋ" ಎಂದು ಶುರುಮಾಡಿ ಅರ್ಧಕ್ಕೇ ನುಂಗುತ್ತಾರೆ. ಎದುರಾಳಿ ಗೋಲು ಹೊಡೆದರೆ ಮೈದಾನವೆಲ್ಲ ಸುಮ್ಮನಾಗಿ ಒಂದು ಮೂಲೆಯಲ್ಲಿ ಮಾತ್ರ ಚೀರಾಟ. ಯಾರಾದರೂ ಬಿದ್ದು ಏಳದಿದ್ದರೆ ಗುಸುಗುಸು. ಇದನ್ನೆಲ್ಲ ಅವನು ನನಗೆ ಎಷ್ಟು ಸಲ ಹೇಳಿದ್ದಾನೋ.

ನಾನು ಗಂಡ ತೀರಿಕೊಂಡ ಮೇಲೆ ಅವನ ಮನೆಯಲ್ಲೇ ಇದ್ದೇನೆ. ಹಗಲು ಎದುರಿನ ಟೇಲರ್ ಅಂಗಡಿಯಲ್ಲಿ ಕಾಜಾ, ಗುಂಡಿ, ಹೆಮ್ಮಿಂಗ್ ಕೆಲಸ. ಕ್ಲಬ್ಬಿನ ಅಭಿಮಾನಿಗಳೆಲ್ಲ ಸೇರುವುದು ಅಲ್ಲೇ. ಟೇಲರ್ ಅವರ ಪೈಕಿ ಹಿರಿಯ, ಮೂವತ್ತೊಂದು ವರ್ಷದಲ್ಲಿ ಈ ಊರಿನಲ್ಲಿ ಬಿದ್ದ ಒಂದು ಗೋಲನ್ನೂ ತಪ್ಪಿಸಿಕೊಂಡವನಲ್ಲ. ಇನ್ನೊಬ್ಬರು ನಿವೃತ್ತ ಮೇಷ್ಟ್ರು, ಅಭಿಮಾನಿ ಸಂಘದ ಕಾರ್ಯದರ್ಶಿ. ಮತ್ತೊಬ್ಬ ಬಸ್ ಡ್ರೈವರ್, ಸಂಜೆ ಪಾಳಿ ಇಲ್ಲದಿದ್ದರೆ ಬಂದು ಇಸ್ತ್ರಿ ಮೇಜಿನ ತುದಿಗೆ ಕೂರುತ್ತಾನೆ. ನನ್ನ ತಮ್ಮ ಕೂರುವುದಿಲ್ಲ. ಬಾಗಿಲಿಗೂ ಕಟಿಂಗ್ ಮೇಜಿಗೂ ಓಡಾಡುತ್ತಿರುತ್ತಾನೆ. ಮುಳ್ಳಿನ ಹಾಗೆ ಸುತ್ತುತ್ತಾನೆಂದು ಅವರು ಅವನಿಗೆ ಇಟ್ಟ ಹೆಸರು ಗಡಿಯಾರ.

ಈ ವರ್ಷ ಕ್ಲಬ್ಬಿನ ಆಟ ಕೆಟ್ಟು ಕೆರ ಹಿಡಿದಿತ್ತು. ಏಳು ಆಟ, ಒಂದೂ ಗೋಲಿಲ್ಲ. ಕೊನೆಯ ಆಟ ಗೆಲ್ಲದಿದ್ದರೆ ಕೆಳಗಿನ ಲೀಗಿಗೆ ಇಳಿಯಬೇಕು. ಅಂಗಡಿಯಲ್ಲಿ ದಿನವೂ ಅದೇ ಜಗಳ.

"ಆ ಹತ್ತನೇ ನಂಬರಿನವನನ್ನ ಮೊದಲು ಮನೆಗೆ ಕಳಿಸ್ಬೇಕು," ಎನ್ನುತ್ತಿದ್ದ ಟೇಲರ್, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ. "ವಯಸ್ಸಾಯ್ತು. ಬಾಲು ಮುಂದೆ, ಇವನು ಹಿಂದೆ. ಬಸ್ಸು ತಪ್ಪಿಸಿಕೊಂಡವನ ಹಾಗೆ ಓಡ್ತಾನೆ."

"ನಮ್ಮ ಬಸ್ಸಿನ ಸುದ್ದಿಗೆ ಬರಬೇಡ," ಎಂದ ಡ್ರೈವರ್. "ತಪ್ಪು ಕೋಚಿಂದು. ಹಿಂದೆ ಐದು ಜನರನ್ನ ನಿಲ್ಲಿಸಿಬಿಟ್ಟರೆ ಮುಂದೆ ಗೋಲು ಹೊಡೆಯೋಕೆ ಅವರಪ್ಪ ಬರ್ತಾನಾ?"

"ಹತ್ತನೇ ನಂಬರಿಗೆ ಬಾಲೇ ಕೊಡ್ತಿಲ್ಲ," ಎಂದ ನನ್ನ ತಮ್ಮ ಬಾಗಿಲ ಕಡೆಯಿಂದ ತಿರುಗಿ. "ಎಡಗಡೆ ಒಂದು ಸಲಾನೂ ಜನ ಎದ್ದ ಸದ್ದಿಲ್ಲ. ಎಲ್ಲ ಬಲಗಡೇನೇ ಸಾಯ್ತಿದೆ."

"ನೋಡದವನು ಹೇಳ್ದ, ಕೇಳ್ಕೊಳ್ಳಿ!" ಟೇಲರ್ ಪಿನ್ನು ಉಗಿದ. "ಅಲ್ಲ ಕಣೋ, ನೀನು ಅವನ ಮುಖಾನಾದ್ರೂ ನೋಡಿದೀಯಾ?"

"ಪೇಪರಲ್ಲಿ ನೋಡಿದೀನಿ."

"ಪೇಪರಲ್ಲಿ! ಹಾಗಾದ್ರೆ ನಾನೂ ಪೇಪರಲ್ಲಿ ಮಂತ್ರಿ ನೋಡಿದೀನಿ, ನಾನೂ ಸರ್ಕಾರ ನಡೆಸ್ಲಾ?"

ಎಲ್ಲರೂ ನಕ್ಕರು. ತಮ್ಮನೂ ನಕ್ಕ. ಇಂಥ ಮಾತು ಅವನಿಗೆ ಹೊಸದಲ್ಲ. ಆದರೆ ಆ ವಾರ ಮೇಷ್ಟ್ರು ಒಂದು ಕಾಗದ ತಂದರು, ಅಲ್ಲಿಂದ ನಗು ನಗುವಾಗಿ ಉಳಿಯಲಿಲ್ಲ.

ಕ್ಲಬ್ಬಿನವರು ಹೊಸ ಗ್ಯಾಲರಿ ಕಟ್ಟಿಸುತ್ತಿದ್ದರು. ಅದರ ಮೊದಲ ಸಾಲಿನಲ್ಲಿ, ಇಪ್ಪತ್ತೈದು ವರ್ಷ ಪೂರೈಸಿದ ಅಭಿಮಾನಿಗಳಿಗೆ ಕಾಯಂ ಸೀಟು. ಸೀಟಿನ ಬೆನ್ನಿಗೆ ಅವರವರ ಹೆಸರು. "ವರ್ಷಕ್ಕೊಂದಾದ್ರೂ ಗೇಟಲ್ಲಿ ಹರಿದ ಟಿಕೆಟಿನ ಚೂರು ತೋರಿಸ್ಬೇಕು," ಎಂದು ಮೇಷ್ಟ್ರು ಓದಿದರು. "ಚೂರು ಕಳ್ಕೊಂಡವರಿಗೆ, ಆಟದ ಹೊತ್ತಲ್ಲಿ ಇವರ ಜೊತೆಗಿದ್ದೆ ಅಂತ ಇನ್ನೊಬ್ಬ ಹಳೇ ಅಭಿಮಾನಿ ಸಹಿ ಹಾಕ್ಬೇಕು."

ತಮ್ಮ ಮನೆಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದು ಮೇಜಿನ ಮೇಲೆ ಸುರಿದ. ಇಪ್ಪತ್ತಾರು ವರ್ಷದ ಟಿಕೆಟುಗಳು. ಒಂದೂ ಹರಿದಿರಲಿಲ್ಲ. ಗೇಟು ದಾಟದವನ ಟಿಕೆಟ್ಟನ್ನು ಯಾರು ಹರಿಯುತ್ತಾರೆ? ಇದು ಅವನಿಗೆ ಆ ಗಳಿಗೆಯವರೆಗೆ ಹೊಳೆದೇ ಇರಲಿಲ್ಲ. ಹರಿದ ಟಿಕೆಟಿಗಿಂತ ಇಡೀ ಟಿಕೆಟು ಹೆಚ್ಚು ಎಂದೇ ತಿಳಿದು ಅಷ್ಟು ಜೋಪಾನ ಮಾಡಿದ್ದ.

"ಅಯ್ಯೋ, ಅಂಗಡಿಯಿಂದ ಈಗ ತಂದ ಹಾಗಿವೆಯಲ್ಲೋ!" ಎಂದ ಡ್ರೈವರ್.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಇವು ನಡೆಯಲ್ಲಪ್ಪ. ಯಾರಾದ್ರೂ ಸಹಿ ಹಾಕಿದ್ರೆ ನಂದೇನೂ ಅಡ್ಡಿ ಇಲ್ಲ."

ತಮ್ಮ ಟೇಲರ್ ಕಡೆ ನೋಡಿದ.

"ನನ್ನ ನೋಡಬೇಡ," ಎಂದ ಟೇಲರ್. "ಸುಳ್ಳು ಸಹಿ ನಾನು ಹಾಕಲ್ಲ. ನನ್ನ ಪಕ್ಕ ಒಂದು ನಿಮಿಷ ಕೂತಿದೀಯಾ? ಸೋತಾಗ ಕಣ್ಣು ಬಿಟ್ಕೊಂಡು ನೋಡೋದಿದೆಯಲ್ಲ, ಅದು ಕಣೋ ಅಭಿಮಾನ. ಗೋಡೆ ಆಚೆ ಗಾಳಿ ಸೇವನೆ ಮಾಡೋದಲ್ಲ."

ತಮ್ಮನ ಮುಖ ಸಪ್ಪಗಾಯಿತು. ಓಡಾಡುತ್ತಿದ್ದವನು ನಿಂತುಬಿಟ್ಟ. ಅವನು ನಿಂತದ್ದು ನೋಡಿ ನನಗೆ ಸೂಜಿ ಚುಚ್ಚಿತು. ಸೀಟು ಅವನಿಗೆ ಬೇಕಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಮೂವರು ತನ್ನನ್ನು ತಮ್ಮವನೆಂದು ಒಪ್ಪಬೇಕು, ಅದು ಮಾತ್ರ ಬೇಕಿತ್ತು.

"ಕೊನೇ ಆಟಕ್ಕೆ ಒಳಗೆ ಬಾ," ಎಂದ ಟೇಲರ್, ಸ್ವಲ್ಪ ಮೆತ್ತಗಾಗಿ. "ಪೂರ್ತಿ ಕೂತ್ಕೋ. ಮುಗಿದ ತಕ್ಷಣ ಸಹಿ ಹಾಕ್ತೀನಿ. ಇಷ್ಟೂ ಜನರ ಎದುರಿಗೆ ಹೇಳ್ತಿದೀನಿ."

ಕೊನೆಯ ಆಟ ಶನಿವಾರ. ಅಲ್ಲಿಯ ತನಕ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. ತಮ್ಮ ಕುರ್ಚಿ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂರುವ ಅಭ್ಯಾಸ ಮಾಡಿದ. ಹೆಂಡತಿ ಗಡಿಯಾರ ನೋಡಿ ಎಣಿಸುತ್ತಿದ್ದಳು. ಹನ್ನೊಂದು ನಿಮಿಷಕ್ಕೆ ಎದ್ದುಬಿಟ್ಟ. ಮಾರನೆಯ ದಿನ ಒಂಬತ್ತಕ್ಕೇ. "ದಿನಾ ಕಮ್ಮಿ ಆಗ್ತಿದೆ ಅತ್ತಿಗೆ. ಶನಿವಾರಕ್ಕೆ ಕೂರೋ ಮುಂಚೆನೇ ಏಳ್ತಾರೆ," ಎಂದಳು.

ಶುಕ್ರವಾರ ತಮ್ಮ ನನ್ನ ಹತ್ತಿರ ಬಂದ. "ಅಕ್ಕ, ನೀನೂ ಬಾ. ಪಕ್ಕದಲ್ಲಿ ಕೂತ್ಕೋ. ನಾನು ಎದ್ರೆ ಅಂಗಿ ಹಿಡಿದು ಎಳಿ."

ಹೋದೆ. ಈ ವಯಸ್ಸಿನಲ್ಲಿ ಮೊದಲ ಸಲ ಫುಟ್‌ಬಾಲ್ ಆಟಕ್ಕೆ. ಗೇಟಿನಲ್ಲಿ ಟಿಕೆಟ್ ಹರಿದುಕೊಟ್ಟಾಗ ತಮ್ಮ ಆ ಚೂರನ್ನು ತಿರುಗಿಸಿ ಮುರುಗಿಸಿ ನೋಡಿದ. ಸಿಮೆಂಟಿನ ಮೆಟ್ಟಿಲ ಮೇಲೆ ನಮ್ಮ ಸಾಲು. ತುದಿಯಲ್ಲಿ ಡ್ರೈವರ್, ಮೇಷ್ಟ್ರು, ಆಮೇಲೆ ಟೇಲರ್, ಅವನ ಪಕ್ಕ ತಮ್ಮ, ಈಚೆಗೆ ನಾನು.

ಆಟ ಶುರುವಾಯಿತು. ತಮ್ಮನ ಮೊಣಕಾಲು ಆಗಲೇ ಹೊಲಿಗೆ ಯಂತ್ರದ ಸೂಜಿಯ ಹಾಗೆ ಕುಣಿಯುತ್ತಿತ್ತು.

"ಹತ್ತನೇ ನಂಬರು ಯಾವನು?" ಎಂದು ಕೇಳಿದ.

ಟೇಲರ್ ಬೆರಳು ತೋರಿಸಿದ.

"ಅವನಾ? ಇಷ್ಟು ಕುಳ್ಳನಾ?"

"ಆರು ವರ್ಷದಿಂದ ಅವನ ಪರ ವಾದ ಮಾಡ್ತಿದ್ದ ವಕೀಲ ಸಾಹೇಬ್ರು!" ಎಂದು ಡ್ರೈವರ್ ಆ ತುದಿಯಿಂದ ಕೂಗಿದ. ಸುತ್ತಲಿನವರೆಲ್ಲ ತಿರುಗಿ ನೋಡಿದರು.

ಅರ್ಧ ಆಟ ಹೇಗೋ ಕಳೆಯಿತು. ಗೋಲಿಲ್ಲ. ತಮ್ಮನ ಬೆನ್ನು ಪೂರ್ತಿ ಬೆವತು ಅಂಗಿ ಅಂಟಿಕೊಂಡಿತ್ತು. ಎರಡನೆಯ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ ಅವನು ನನ್ನ ಕಿವಿಯ ಹತ್ತಿರ ಬಾಗಿದ.

"ಅಕ್ಕ, ಇಲ್ಲಿ ನಂಗೆ ಏನೂ ತಿಳೀತಿಲ್ಲ. ಎಲ್ಲಾ ಕಡೆಯಿಂದಲೂ ಒಟ್ಟಿಗೇ ಸದ್ದು. ಕಣ್ಣಿಗೆ ಬಾಲು ಸಿಗೋ ಹೊತ್ತಿಗೆ ಬೇರೆ ಕಡೆ ಹೋಗಿರುತ್ತೆ. ಆಚೆಗಾದ್ರೆ ಗೋಡೆ ಸೋಸಿ ಕೊಡುತ್ತೆ."

"ಇನ್ನು ಸ್ವಲ್ಪ ಹೊತ್ತು ಕಣೋ. ಸಹಿ ನೆನಪಿಟ್ಕೋ."

"ನಾನು ಇಲ್ಲಿ ಕೂತಿರೋದ್ರಿಂದಲೇ ಗೋಲು ಬರ್ತಿಲ್ಲ ಅನ್ಸುತ್ತೆ."

"ನೀನು ಆಚೆ ಸುತ್ತುವಾಗಲೂ ಏಳು ಆಟ ಬರಲಿಲ್ಲವಲ್ಲ!"

ಅವನು ಎದ್ದ. ಅಂಗಿ ಹಿಡಿದು ಎಳೆದೆ. ನಾನೇ ಹೊಲಿದ ಗುಂಡಿ ಕಿತ್ತು ನನ್ನ ಕೈಗೆ ಬಂತು, ಅವನು ಮೆಟ್ಟಿಲು ಇಳಿದು ಹೋಗಿಬಿಟ್ಟ.

"ನೋಡಿದ್ರಾ ಅಕ್ಕ, ನೋಡಿದ್ರಾ!" ಟೇಲರಿಗೆ ಸಿಟ್ಟು ನೆತ್ತಿಗೇರಿತು. "ಇನ್ನು ಅರ್ಧ ಗಂಟೆ ಕೂರೋಕಾಗಲ್ವಾ? ಕುತ್ತಿಗೆ ಪಟ್ಟಿ ಹಿಡಿದು ಎಳ್ಕೊಂಡು ಬರ್ತೀನಿ ತಾಳಿ." ಹಾಗೆಂದು ಅವನೂ ದಡದಡ ಇಳಿದ. ಮೇಷ್ಟ್ರು "ಬೇಡಪ್ಪಾ, ಆಚೆ ಹೋದವರನ್ನ ಮತ್ತೆ ಬಿಡಲ್ಲ" ಎಂದು ಕೂಗಿದ್ದು ಅವನಿಗೆ ಕೇಳಿಸಲೇ ಇಲ್ಲ.

ಐದು ನಿಮಿಷವೂ ಆಗಿರಲಿಕ್ಕಿಲ್ಲ. ಎಡಗಡೆಯಿಂದ ಬಾಲು ತೇಲಿ ಬಂತು. ಗೋಲಿನ ಮುಂದೆ ನಾಲ್ಕೈದು ಜನ ಒಬ್ಬರ ಮೇಲೊಬ್ಬರು ಬಿದ್ದರು. ಆ ಗುಂಪಿನೊಳಗಿಂದ ಹತ್ತನೇ ನಂಬರಿನ ಕುಳ್ಳನ ಮೊಣಕಾಲಿಗೆ ತಗುಲಿ ಬಾಲು ಉರುಳುತ್ತಾ ಬಲೆಯೊಳಗೆ ಹೋಯಿತು. ನೋಡಲು ಚಂದವೇನೂ ಇರಲಿಲ್ಲ. ಆದರೆ ನನ್ನ ಮುಂದೆ ಕೂತಿದ್ದ ಗುರುತಿಲ್ಲದ ಗಂಡಸು ತಿರುಗಿ ನನ್ನ ಎರಡೂ ಕೈ ಹಿಡಿದು ಕುಲುಕಿ ಅತ್ತುಬಿಟ್ಟ. ನಾನು ಮಾತ್ರ ಗೇಟಿನ ಕಡೆ ನೋಡುತ್ತಿದ್ದೆ. ಇಬ್ಬರೂ ಬರಲಿಲ್ಲ. ಆಟ ಹಾಗೆಯೇ ಮುಗಿಯಿತು. ನಮ್ಮ ಕ್ಲಬ್ಬು ಉಳಿಯಿತು.

ತಮ್ಮನನ್ನು ಕೇಳಿದರೆ ಟೇಲರನ್ನೇ ಕೇಳು ಎಂದ. ಆಚೆ ನಡೆದದ್ದು ತಿಳಿದದ್ದು ಸೋಮವಾರ, ಅಂಗಡಿಯಲ್ಲಿ, ಟೇಲರ್ ಬಾಯಿಂದಲೇ. ಅವನು ಅಂದು ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದ. ಕಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಆಚೆ ಕಾಲಿಟ್ಟ ಮೇಲೆ ಮತ್ತೆ ಒಳಗೆ ಬಿಡು ಅಂತ ಗೇಟಿನವನ ಕಾಲಿಗೆ ಬಿದ್ದೆ, ಬಿಡಲಿಲ್ಲ," ಎಂದ. "ಮೂವತ್ತೊಂದು ವರ್ಷ ಅಂದೆ. 'ಇದ್ರೆ ಇರ್ಲಿ' ಅಂದ. ಸರಿ, ಈ ಗಡಿಯಾರಕ್ಕೆ ಎರಡು ಬಿಡೋಣ ಅಂತ ಓಡಿದೆ. ಇವನು ಸೈಕಲ್ ಸ್ಟ್ಯಾಂಡ್ ಹತ್ರ ಹೋಗ್ತಿದ್ದ. ನಡೆಯೋದಲ್ಲ ಸ್ವಾಮಿ ಅದು, ಓಟ. ಬೈಯ್ಯೋಕೆ ಬಾಯಿ ತೆಗೆದ್ರೆ 'ಶ್' ಅಂತಾನೆ. 'ಎಡಗಡೆ ಎದ್ದರು' ಅಂತಾನೆ. ನಂಗೇನೂ ಕೇಳ್ತಿಲ್ಲ. 'ಈಗ' ಅಂತ ನನ್ನ ಮಣಿಕಟ್ಟು ಹಿಡ್ಕೊಂಡ. ಹಿಡ್ಕೊಂಡ ಮೇಲೆ ಸದ್ದು ಬಂತು, ಗೊತ್ತಾ! ಗೋಡೆ ನಡುಗಿತು."

"ಹಾಗಾದ್ರೆ ಮೂವತ್ತೊಂದು ವರ್ಷದಲ್ಲಿ ಮೊದಲ ಗೋಲು ತಪ್ಪಿತು," ಎಂದ ಡ್ರೈವರ್. "ನೋಡದವನು ಅಭಿಮಾನಿ ಅಲ್ಲ ಅಂತ ಯಾರೋ ಹೇಳ್ತಿದ್ರಲ್ಲ. ಅವರು ಇವತ್ತು ಅಂಗಡಿಗೆ ಬಂದಿಲ್ವಾ?"

"ಮುಚ್ಕೊಂಡಿರೋ. ಆಮೇಲಿನ ಅರ್ಧ ಗಂಟೆ ನೀನು ನಡೆದು ನೋಡ್ಬೇಕಿತ್ತು. ಒಳಗೆ ಕೂತ್ರೆ ಬಾಲು ಎಲ್ಲಿದೆ ಅಂತ ಕಾಣುತ್ತೆ, ದೂರ ಇದ್ರೆ ಉಸಿರು ಬಿಡಬಹುದು. ಆಚೆ ಏನಾಯ್ತು ಅಂತ ಗೊತ್ತಾಗೋದೇ ಇಲ್ಲ. ಸುಮ್ಮನಿದ್ರೂ ಭಯ, ಕೂಗಿದ್ರೂ ಭಯ." ಟೇಲರ್ ತಮ್ಮನ ಕಡೆ ನೋಡಲಿಲ್ಲ, ಬಟ್ಟೆ ಸುತ್ತಿದ ಬೆರಳನ್ನೇ ನೋಡುತ್ತಿದ್ದ. "ಇಪ್ಪತ್ತಾರು ವರ್ಷ ಇದನ್ನ ಹೇಗೆ ತಡ್ಕೊಂಡನೋ ದೇವರಿಗೇ ಗೊತ್ತು. ಮೇಷ್ಟ್ರೇ, ತನ್ನಿ ಆ ಕಾಗದ."

ಮೇಷ್ಟ್ರು ಕೊಟ್ಟರು. ಟೇಲರ್ ಬಟ್ಟೆಗೆ ಗೀಟು ಹಾಕುವ ಸೀಮೆಸುಣ್ಣ ಕೆಳಗಿಟ್ಟು, ಪೆನ್ನು ಹುಡುಕಿ, ದೊಡ್ಡದಾಗಿ ಸಹಿ ಹಾಕಿದ.

ತಮ್ಮ ಕಾಗದ ತೆಗೆದುಕೊಂಡು ಬಾಗಿಲಿಗೂ ಮೇಜಿಗೂ ಓಡಾಡುತ್ತಲೇ ಎರಡು ಸಲ ಓದಿದ. ಆಮೇಲೆ ಕೇಳಿದ. "ಮೇಷ್ಟ್ರೇ, ಸೀಟು ಕೊಟ್ರೆ ಕೂತ್ಕೊಳ್ಳಲೇಬೇಕಾ?"

"ಕೂರದೆ ಏನು ಮಾಡ್ತೀಯಪ್ಪ? ಸಾಲಾಗಿ ಮೂರು ಆಟ ಖಾಲಿ ಬಿಟ್ರೆ ಬೇರೆಯವರಿಗೆ ಕೊಟ್ಟುಬಿಡ್ತಾರೆ."

ತಮ್ಮ ಇನ್ನೊಂದು ಸುತ್ತು ಬಂದ. ಕಾಗದವನ್ನು ಹರಿಯಲಿಲ್ಲ, ಮಡಿಸಲಿಲ್ಲ, ಮೇಷ್ಟ್ರ ಮುಂದೆ ಮೇಜಿನ ಮೇಲೆ ಇಟ್ಟ. "ಹಾಗಾದ್ರೆ ನನ್ನ ಹೆಸರು ಬೇಡ. ಯಾರಾದ್ರೂ ಕೂರೋರಿಗೆ ಕೊಡಿ. ಇವನು ಸಹಿ ಹಾಕಿದ್ನಲ್ಲ, ಅಷ್ಟು ಸಾಕು."

"ಅಲ್ಲ ಕಣೋ, ಇಷ್ಟೆಲ್ಲ ಮಾಡಿ…" ಎಂದು ಡ್ರೈವರ್ ಎದ್ದೇ ನಿಂತ.

ತಮ್ಮ ಆಗಲೇ ಚಪ್ಪಲಿ ಮೆಟ್ಟಿದ್ದ. ಯಾವುದೋ ಬೀದಿಯಲ್ಲಿ ನೀರು ಸೋರಿ ನಿಂತಿದೆಯೆಂದು ಕಚೇರಿಯಿಂದ ಫೋನು ಬಂದಿತ್ತು. ಬಾಗಿಲ ಮೂಲೆಯಲ್ಲಿ ಒರಗಿಸಿದ್ದ ಸಲಾಕೆ ತೆಗೆದುಕೊಂಡು ಬೀದಿಗಿಳಿದ.

ಟೇಲರ್ ಕುಂಟುತ್ತಾ ಬಾಗಿಲಿಗೆ ಹೋಗಿ ಕೂಗಿದ. "ಲೋ! ಮುಂದಿನ ಆಟಕ್ಕೆ ಸ್ವಲ್ಪ ನಿಧಾನ ನಡಿ. ನಂಗೆ ವಯಸ್ಸಾಗಿದೆ."