ಬಯಲಿನಲ್ಲಿ ದಾರಿ ತಪ್ಪಿದ ಗುತ್ತಿಗೆದಾರ

ಭೂತ, ಶಾಪ ಎಂದು ಯಾರಾದರೂ ಮಾತೆತ್ತಿದರೆ ನಾನು ಅರ್ಧಕ್ಕೇ ತಡೆಯುತ್ತಿದ್ದೆ. ಯಾವುದನ್ನೇ ಆಗಲಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ ಆಮೇಲೆ ನಂಬುವುದು ನನ್ನ ಕೆಲಸ; ಸ್ವಭಾವವೂ ಅದೇ. ಈಗಲೂ ನಾನು ಬಾಗಿಲಿಗೆ ನಿಂಬೆಹಣ್ಣು ಕಟ್ಟುವವಳಲ್ಲ. ಆದರೆ ಎಂಬತ್ತರ ದಶಕದ ಆರಂಭದಲ್ಲಿ ಜಿಗಣಿಯ ಹತ್ತಿರ ನಡೆದದ್ದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ಇಂದಿಗೂ ತಿಳಿದಿಲ್ಲ. ನೀವು ನಗುವುದಾದರೆ ನಗಿ.

ಹಳೆಯ ಇದ್ದಿಲನ್ನು ನೋಡಿ ಅದು ಯಾವ ಮರದ್ದೆಂದು ಹೇಳುವುದು ನನ್ನ ವೃತ್ತಿಯಾಗಿತ್ತು. ಮರ ಸುಟ್ಟು ಕರಿಯಾದರೂ ಅದರ ಒಳಗಿನ ರಂಧ್ರಗಳ ಜೋಡಣೆ ಕೆಡುವುದಿಲ್ಲ. ಚೂರನ್ನು ಅಡ್ಡಲಾಗಿ ಮುರಿದು ನೋಡಿದರೆ ಹೊನ್ನೆಯೋ ಜಾಲಿಯೋ ತಿಳಿಯುತ್ತದೆ. ಜಿಗಣಿಯ ಆಚೆ, ಊರವರು ಪಾಂಡವರ ಮನೆ ಎನ್ನುತ್ತಿದ್ದ ಕಲ್ಲುಗೋರಿಗಳ ಪಕ್ಕದಲ್ಲಿ, ಆ ಗೋರಿ ಕಟ್ಟಿದ ಜನರ ಒಲೆಗಳು ಸಿಕ್ಕಿದ್ದವು. ಮೇಲಿನ ಪದರದಲ್ಲಿ ಬರೀ ಜಾಲಿ, ಬೋರೆ. ಕೆಳಗಿನ, ಅತಿ ಹಳೆಯ ಪದರದಲ್ಲಿ ಹೊನ್ನೆ, ಮತ್ತಿ. ಅಂದರೆ ಮುಳ್ಳುಗಿಡ ಬಿಟ್ಟರೆ ಏನೂ ಬೆಳೆಯದ ಆ ಬಯಲಿನಲ್ಲಿ ಒಂದು ಕಾಲಕ್ಕೆ ದೊಡ್ಡ ಕಾಡಿತ್ತು. ಆ ಜನ ಅದನ್ನು ಕಡಿದು ಉರಿಸಿ ಮುಗಿಸಿ ತಾವೂ ಇಲ್ಲವಾದರು ಎಂಬುದು ನನ್ನ ವಾದ. ಅದನ್ನು ಸಾಧಿಸಿ ತೋರಿಸುವುದಕ್ಕಾಗಿಯೇ ಆಗ ನಾನು ಬದುಕಿದ್ದೆ ಎಂದರೂ ತಪ್ಪಿಲ್ಲ.

ಜಾಗ ಆಗಲೇ ಕಾರ್ಖಾನೆಗಳಿಗೆ ಹಂಚಿಹೋಗಿತ್ತು. ನೆಲ ಮಟ್ಟ ಮಾಡುವ ಗುತ್ತಿಗೆ ನಂಜಪ್ಪ ಎಂಬವನದು. ನಾವು ಅಗೆದ ಗುಂಡಿಯನ್ನು ಒಂದು ಮಾತೂ ಹೇಳದೆ ಮುಚ್ಚಿಸಿ, ಮೇಲೆ ಬುಲ್ಡೋಜರ್ ಓಡಿಸಿಬಿಟ್ಟಿದ್ದ. ಕೆಳಪದರದ್ದೆಂದು ಉಳಿದದ್ದು ಒಂದು ಬುಟ್ಟಿ ಇದ್ದಿಲು ಮಾತ್ರ. ಅದರಲ್ಲೂ ನಾನು ನೋಡಿದ್ದು ಮೇಲಿನ ಕೆಲವು ಚೂರುಗಳನ್ನಷ್ಟೆ. ಜರಡಿಯಲ್ಲಿ ತೊಳೆದ ಇದ್ದಿಲನ್ನು ಬಿಸಿಲಿಗೆ ಹಾಕುವಂತಿಲ್ಲ, ಬಿರುಕು ಬಿಡುತ್ತದೆ. ಅದು ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಡೇರೆಯೊಳಗೆ ಹಾಗೆ ಒಣಗಿಸಿ, ಬುಟ್ಟಿಗೆ ತುಂಬಿಟ್ಟು, ನಿತ್ಯದ ವೇಳೆಗೆ ಸರಿಯಾಗಿ ಊಟಕ್ಕೆ ಹೋದೆ.

ಹಿಂತಿರುಗಿದಾಗ ಬುಟ್ಟಿ ಬರಿದಾಗಿತ್ತು. ಹೊಸ ಬುಲ್ಡೋಜರಿಗೆಂದು ನಂಜಪ್ಪ ಅಂದು ಕುರಿ ಕಡಿಸಿದ್ದ. ಸೌದೆ ಮಳೆಗೆ ನೆನೆದು ಹೊತ್ತಿಕೊಳ್ಳಲಿಲ್ಲ. ಡೇರೆಯಲ್ಲಿ ಒಣ ಇದ್ದಿಲು ಕಂಡದ್ದೇ ಎತ್ತಿಸಿ ಒಲೆಗೆ ಸುರಿಸಿದ್ದ. ಒಲೆಯ ಬಳಿಗೆ ಓಡಿ, ಅದು ನನ್ನ ಇದ್ದಿಲೆಂದು ಕೂಗಾಡಿದೆ.

"ಅಲ್ಲ ಮೇಡಮ್ಮೋರೆ, ಇದ್ಲಿಗೆ ಇಂಗಾ ರಂಪ ಮಾಡೋದು? ನಾಳೆ ಒಂದು ಮೂಟೆ ಕಳಿಸ್ಕೊಡ್ತೀನಿ ಬಿಡಿ, ಹೊಸಾದು!" ಎಂದ. ಆಳುಗಳೆಲ್ಲ ನಕ್ಕರು. "ಉಂಡ್ಕಂಡೇ ಹೋಗಿ, ಬಾಡು ಬೇಯ್ತಾ ಐತೆ."

ಈ ಮನುಷ್ಯನಿಗೆ ಒಳ್ಳೆಯದಾಗಬಾರದು ಎಂದು ಮನಸ್ಸಿನಲ್ಲೇ ಸ್ಪಷ್ಟವಾಗಿ ಹೇಳಿಕೊಂಡೆ. ಉಳಿದಷ್ಟನ್ನಾದರೂ ಉಳಿಸೋಣವೆಂದು ನೀರಿನ ಕೊಡ ಎತ್ತಿಕೊಂಡೆ.

ಅಷ್ಟರಲ್ಲಿ ಗಾಳಿ ತಿರುಗಿ ಹೊಗೆ ನಂಜಪ್ಪನ ಮುಖಕ್ಕೆ ಬಡಿಯಿತು. ಕೆಮ್ಮುತ್ತ, ಕಣ್ಣುಜ್ಜಿಕೊಳ್ಳುತ್ತ ಮಟ್ಟ ಮಾಡಿದ ಬಯಲಿನೊಳಕ್ಕೆ ನಡೆದ. ಸ್ವಲ್ಪ ದೂರ ಹೋಗಿ ನಿಂತ. ತಲೆ ಬಗ್ಗಿಸಿ ಏನನ್ನೋ ದಾಟಿದ. ಎಡಕ್ಕೆ ಸುತ್ತಿದ, ಕೈಚಾಚಿ ಏನನ್ನೋ ತಡವಿದ, ಮತ್ತೆ ಬಲಕ್ಕೆ ಸುತ್ತಿದ. ಅಂಗೈಯಗಲ ನೆರಳೂ ಇಲ್ಲದ ನೆಲ ಅದು.

"ಯಾರಾದ್ರೂ ಬನ್ರೋ! ದಾರಿ ಕಾಣಾಕಿಲ್ಲ ಕಣ್ರೋ!" ಎಂದು ಕೂಗತೊಡಗಿದ.

"ಅಣ್ಣ ಬಾಡು ಬೇಯೋಕೂ ಮುಂಚೇನೇ ಏರಿಸ್ಕಂಡವ್ನೆ" ಎಂದ ಒಬ್ಬ ಆಳು. ಕೂಗು ನಿಲ್ಲದಿದ್ದಾಗ ಇಬ್ಬರು ಓಡಿಹೋಗಿ ತೋಳು ಹಿಡಿದು ಎಳೆದರು. ಎದುರಿಗೆ ಮರವಿದೆಯೆಂಬಂತೆ ಅವನು ಕಾಲೂರಿ ನಿಂತ. ಅವರಿಂದ ಒಂದು ಹೆಜ್ಜೆ ಕದಲಿಸಲೂ ಆಗಲಿಲ್ಲ.

ಮಣ್ಣು ಹೊರುವ ಮುನಿಯಮ್ಮ ನನ್ನ ಕಡೆ ತಿರುಗಿದಳು. "ಅಮ್ಮೋರೆ, ಗೋರಿ ಇದ್ಲು ಅದು! ನೀರು ನಿಮ್ ಕೈಯಾಗೇ ಐತಲ್ಲ, ಉಯ್ರಿ!"

ಸುರಿದಿದ್ದರೆ ಅರ್ಧ ಬುಟ್ಟಿಯಾದರೂ ದಕ್ಕುತ್ತಿತ್ತು. ಆದರೆ ಅವನ ಕೂಗು ಕಿವಿಗೆ ಹಿತವಾಗಿತ್ತು. ಒಲೆಗೂ ಆ ಕೂಗಿಗೂ ಏನೋ ಸಂಬಂಧವಿದೆ ಎಂದು, ಏನನ್ನೂ ನಂಬದ ನಾನು, ಆ ಗಳಿಗೆ ನಂಬಿಬಿಟ್ಟೆ. "ಉರಿಯಲಿ" ಎಂದೆ. ಮುನಿಯಮ್ಮ ಕೈಚಾಚಿದರೂ ಕೊಡ ಬಿಡಲಿಲ್ಲ. ಕೊನೆಯ ಕೆಂಡ ಬೂದಿಯಾಗುವವರೆಗೂ ಅದು ನನ್ನ ಸೊಂಟದಲ್ಲೇ ಇತ್ತು. ಆಗ ನಂಜಪ್ಪ ಬೆನ್ನು ನೆಟ್ಟಗೆ ಮಾಡಿ, ಸುತ್ತಲೂ ನೋಡಿ, ನೇರವಾಗಿ ನಡೆದು ಬಂದ. ಜೀಪು ಹತ್ತಿ ಹೋದ.

ಮಾರನೆಯ ದಿನ ಡೇರೆಗೆ ಬಂದು ಎದುರಿಗೆ ಕೂತ. ಹೆದರಿದ ಮುಖ ನೋಡುವ ಆಸೆಯಿಂದ ಕೇಳಿದೆ: "ಭಯ ಆಯ್ತೇನ್ರೀ?"

"ಮೊದ್ಲು ಆಯ್ತು ಮೇಡಮ್ಮೋರೆ. ಆಮೇಲೆ ಇಲ್ಲ. ಏನು ತಂಪು ಅಂತೀರಿ ಒಳಗೆ! ಒಂದು ಮರ, ಉಗುರಲ್ಲಿ ಗೀರಿದ್ರೆ ರಕ್ತದಂಗೆ ಸೋರ್ತದೆ."

ಅದು ಹೊನ್ನೆ.

"ಇನ್ನೊಂದರ ತೊಗಟೆ ಮೊಸಳೆ ಬೆನ್ನಿದ್ದಂಗೆ."

ಅದು ಮತ್ತಿ. ಈ ಹೆಸರುಗಳನ್ನು ನಾನು ಅವನ ಮುಂದೆ ಎಂದೂ ಎತ್ತಿರಲಿಲ್ಲ. ಆ ಸುತ್ತಿನಲ್ಲಿ ಅಂಥ ಒಂದು ಮರವೂ ಇರಲಿಲ್ಲ.

"ಜಾಸ್ತಿ ಇದ್ದಿದ್ದು ಬೇರೇದು. ನೆಟ್ಟಗೆ, ಬೆಳ್ಳಗೆ. ಮುಟ್ಟಿದ್ರೆ ಮನುಸ್ರ ಮೈಯಂಗೆ ಬೆಚ್ಚಗೆ. ನೀವು ಓದ್ದೋರು, ಅದರ ಹೆಸರು ಹೇಳಿ."

ನನಗೆ ಗೊತ್ತಿರಲಿಲ್ಲ. ಆಮೇಲೆ ಎಷ್ಟೋ ಕಡೆ, ಎಷ್ಟೋ ಪದರಗಳ ಇದ್ದಿಲನ್ನು ಮುರಿದು ನೋಡಿದ್ದೇನೆ. ಅಂಥ ಮರವನ್ನು ಕಂಡವರನ್ನೂ ಕೇಳಿದವರನ್ನೂ ಹುಡುಕಿದ್ದೇನೆ, ಸಿಕ್ಕಿಲ್ಲ. ಅದರ ಚೂರು ಬುಟ್ಟಿಯ ತಳದಲ್ಲಿತ್ತೋ ಏನೋ. ಅಂದು ನಡೆದದ್ದೇನೆಂದು ವಿವರಿಸಲು ನನ್ನಿಂದ ಆಗಿಲ್ಲ. ನಂಜಪ್ಪನ ಮೇಲಿನ ಸಿಟ್ಟೂ ಇಳಿದಿಲ್ಲ. ಈಗ ಆ ಸಿಟ್ಟು ಬುಟ್ಟಿಗಾಗಿ ಅಲ್ಲ. ಆಯುಷ್ಯವಿಡೀ ನಾನು ಕರಿಚೂರುಗಳಲ್ಲಿ ಹುಡುಕಿದ ಕಾಡಿನೊಳಗೆ ಅವನು ಓಡಾಡಿ ಬಂದನಲ್ಲ, ಅದಕ್ಕೆ.